ಕಾರಿನ ಕೂಲಂಟ್ ಮನೆಯಲ್ಲೇ ಬದಲಾಯಿಸುವುದು ಹೇಗೆ: ಕರಾವಳಿಯವರಿಗೊಂದು ಸಮಗ್ರ ಮಾರ್ಗದರ್ಶಿ

"ಕೂಲಂಟ್ ಹೊಸತು ಹಾಕಿದ ಮೇಲೂ ಗಾಡಿ ಬಿಸಿ ಆಗ್ತಾ ಉಂಟು, ಎಂತ ಮಾಡುವುದು ಮಾರಾಯ್ರೆ?" ಸೆಖೆ ಶುರುವಾದರೆ ಸಾಕು, ಮಂಗಳೂರು-ಉಡುಪಿ ಕಡೆ ಈ ಪ್ರಶ್ನೆ ಕೇಳುವವರು ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ವಿಚಾರಿಸಿದರೆ ಹೆಚ್ಚಾಗಿ ಹೊರಬರುವುದು ಅವೇ ಮೂರು ಕಾರಣ. ಕೂಲಂಟಿಗೆ, ಅಂದರೆ ಇಂಜಿನ್ ತಂಪಾಗಿಡುವ ದ್ರವಕ್ಕೆ, ಬಾವಿ ನೀರು ಹೊಯ್ದಿರುತ್ತಾರೆ. ಇಲ್ಲವೇ ಒಳಗೆ ಎಷ್ಟು ನೀರು ಉಳಿದಿದೆ ಎಂದು ಲೆಕ್ಕ ಹಾಕದೆ ಸುಮ್ನೆ ತುಂಬಿಸಿರುತ್ತಾರೆ. ಇಲ್ಲವೇ ಗಾಳಿ ತೆಗೆಯದೆ ಮುಚ್ಚಳ ಹಾಕಿರುತ್ತಾರೆ. ಒಂದೊಂದು ಕೆಲಸವೂ ಸುಲಭದ್ದೇ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದರಲ್ಲಿ ಎಡವುತ್ತಾರೆ.

ಇಲ್ಲಿ ಹೇಳಿರುವುದು ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. ಹೈಬ್ರಿಡ್ ಮತ್ತು ಇಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿ ತಂಪು ಮಾಡಲು ಬೇರೆ ಲೈನ್ ಇರಬಹುದು. ಅಂಥವರು ಕೂಲಂಟ್ ಟ್ಯಾಂಕಿನ ಮಟ್ಟ ಕಣ್ಣಲ್ಲಿ ನೋಡಿದರೆ ಸಾಕು, ಉಳಿದದ್ದಕ್ಕೆ ಕೈ ಹಾಕುವುದು ಬೇಡ.

ಶುರು ಮಾಡುವ ಮೊದಲು

ಇಂಜಿನ್ ಬಿಸಿ ಇರುವಾಗ ರೇಡಿಯೇಟರಿನ ಅಥವಾ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆಯಬೇಡಿ. ಒಳಗಿರುವುದು 90 ಡಿಗ್ರಿ ದಾಟಿದ, ಒತ್ತಡದಲ್ಲಿರುವ ದ್ರವ. ಮುಚ್ಚಳ ಸಡಿಲವಾದ ಕೂಡಲೇ ಒತ್ತಡ ಇಳಿಯುತ್ತದೆ, ದ್ರವ ಅಲ್ಲೇ ಕುದಿದು ಮುಖಕ್ಕೆ ಹಾರುತ್ತದೆ. ಬಟ್ಟೆ ಹಿಡಿದು ತಿರುಗಿಸುತ್ತೇನೆ ಎನ್ನುವ ಧೈರ್ಯವೂ ಬೇಡ. ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನು ಆರಾಮಾಗಿ ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಆಗಬೇಕು, ಹಿಚುಕಿದರೆ ಮೆತ್ತಗಿರಬೇಕು. ಆಗ ಮಾತ್ರ ಮುಚ್ಚಳ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೆಲಸ ಶುರು ಮಾಡುವುದು ಎಲ್ಲದಕ್ಕಿಂತ ಒಳ್ಳೆಯದು.

ಇನ್ನೊಂದು, ಕೂಲಂಟ್ ವಿಷ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಹೋದರೂ ಕಿಡ್ನಿ ಹಾಳಾಗಿ ಸಾಯುತ್ತವೆ. ನಮ್ಮಲ್ಲಿ ಅಂಗಳದ ಬದಿಯಲ್ಲೇ ಬಾವಿ ಇರುತ್ತದೆ ಅಲ್ವಾ? ಮುರಕಲ್ಲಿನ ನೆಲ ಹೊಯ್ದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ತೆಗೆದ ಕೂಲಂಟನ್ನು ತೆಂಗಿನ ಬುಡಕ್ಕೋ ಚರಂಡಿಗೋ ಹೊಯ್ಯಬೇಡಿ. ಹಳೇ ಕ್ಯಾನಿಗೆ ತುಂಬಿಸಿ, ಮೇಲೆ ದೊಡ್ಡದಾಗಿ "ವಿಷ" ಎಂದು ಬರೆದು, ತ್ಯಾಜ್ಯ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಬೇಕಾಗುವ ಸಾಮಾನು

ಟಾರ್ಚ್, ಕೈಗವಸು, ಕಣ್ಣಿಗೊಂದು ಕನ್ನಡಕ. 10 ಎಂಎಂ ಸಾಕೆಟ್, ಸ್ಕ್ರೂಡ್ರೈವರ್, ಸ್ಪ್ರಿಂಗ್ ಕ್ಲಾಂಪ್ ಹಿಡಿಯಲು ಒಳ್ಳೆಯ ಇಕ್ಕುಳ. ಅಗಲ ಬಾಯಿಯ ತಟ್ಟೆ ಅಥವಾ ಬೇಸಿನ್ (ಆಮೇಲೆ ಅದು ಅಡುಗೆಮನೆಗೆ ಹೋಗಬಾರದು). ಫನೆಲ್. ಲೀಟರ್ ಗುರುತು ಇರುವ ಪಾತ್ರೆ, ಇದನ್ನು ಬಿಟ್ಟವರೇ ಜಾಸ್ತಿ, ಹಂತ 6ರಲ್ಲಿ ಇದಿಲ್ಲದೆ ಆಗುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಕ್ಯಾನ್. ಗಾಡಿಯ ಕೆಳಗೆ ಹೋಗಬೇಕಾದರೆ ಜ್ಯಾಕ್ ಸ್ಟ್ಯಾಂಡ್. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಕಲ್ಲು ಕೊಟ್ಟು ನಿಲ್ಲಿಸಿದ್ದರೂ ಸಹ.

ಯಾವ ಕೂಲಂಟ್, ಯಾವ ನೀರು

"ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ?" ಎನ್ನುವವರು ಈಗಲೂ ಇದ್ದಾರೆ. ಹಿಮದ ಮಾತು ಬಿಡಿ. ಅರ್ಧ ಕೂಲಂಟ್, ಅರ್ಧ ನೀರಿನ ಮಿಶ್ರಣ ಬರೀ ನೀರಿಗಿಂತ ತಡವಾಗಿ ಕುದಿಯುತ್ತದೆ. ಮುಚ್ಚಳದ ಒತ್ತಡ ಸೇರಿದರೆ ಕುದಿಯುವ ಬಿಂದು 120 ಡಿಗ್ರಿ ದಾಟುತ್ತದೆ. ಅದಕ್ಕಿಂತ ದೊಡ್ಡ ವಿಷಯ ತುಕ್ಕು ತಡೆಯುವ ರಾಸಾಯನಿಕಗಳದ್ದು. ಇಂಜಿನ್ ಒಳಗೆ ಅಲ್ಯೂಮಿನಿಯಂ, ಕಬ್ಬಿಣ, ರಬ್ಬರ್ ಎಲ್ಲ ಒಟ್ಟಿಗೆ ಉಂಟು. ಬರೀ ನೀರು ಹಾಕಿ ಓಡಿಸಿದರೆ ಒಂದೆರಡು ಮಳೆಗಾಲದಲ್ಲೇ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ.

ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುವುದು ಬಿಳಿ ಬಟ್ಟೆ ಒಗೆದವರಿಗೆಲ್ಲ ಗೊತ್ತು. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಬೇಸಿಗೆಗೆ ಉಪ್ಪು ಸಹ ಸೇರುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂ ರೇಡಿಯೇಟರನ್ನು ಒಳಗಿಂದ ತಿನ್ನುತ್ತದೆ. ಕುಡಿಯುವ ಆರ್‌ಒ ನೀರು ನಲ್ಲಿ ನೀರಿಗಿಂತ ವಾಸಿ, ಆದರೆ ಅದರಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರ್ ದುಬಾರಿಯೇನಲ್ಲ, ಅದನ್ನೇ ತನ್ನಿ.

ಕೂಲಂಟನ್ನು ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣ ಕಂಪನಿಯವರು ಹಾಕುವ ಡೈ, ಅಷ್ಟೆ. ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಒಳಗಿನ ಕೆಮಿಕಲ್ ಬೇರೆ ಇರಬಹುದು. ಗಾಡಿಯ ಮ್ಯಾನುಯಲ್ಲಿನಲ್ಲಿ ಯಾವ ಟೈಪ್ ಬರೆದಿದೆಯೋ ಅದು. ಕ್ಯಾನಿನ ಮೇಲೆ ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂದು ಇದೆಯೇ ನೋಡಿ. ಹಳೇ ಮಾದರಿಯ ಕೂಲಂಟ್ ಸುಮಾರು 2 ವರ್ಷ ಅಥವಾ 40,000 ಕಿ.ಮೀ. ಬರುತ್ತದೆ, ಲಾಂಗ್ ಲೈಫ್ ಎನ್ನುವವು 5 ವರ್ಷ ಅಥವಾ ಮೇಲೆ. ಎರಡು ಬೇರೆ ಟೈಪ್ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಹೋಗುತ್ತದೆ, ಕೆಲವು ಸಲ ಒಳಗೆ ಲೋಳೆಯಂತೆ ಗಟ್ಟಿಯಾಗಿ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ.

ಕ್ಯಾನ್ ಎರಡು ತರ. ಒಂದು ನೀರು ಬೆರೆಸಿಯೇ ಬರುವ ರೆಡಿ ಮಿಕ್ಸ್, ಇನ್ನೊಂದು ನೀರು ಸೇರಿಸಬೇಕಾದ ಕಾನ್ಸಂಟ್ರೇಟ್. ನಿಮಗೆ ಯಾವುದು ಬೇಕು ಎನ್ನುವುದು ಫ್ಲಶ್ (ಒಳಗನ್ನು ನೀರು ಓಡಿಸಿ ತೊಳೆಯುವುದು) ಮಾಡುತ್ತೀರೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ. ಹಂತ 6 ಓದುವವರೆಗೆ ಅಂಗಡಿಗೆ ಹೋಗಬೇಡಿ.

ಹಂತ 1: ಟ್ಯಾಂಕ್ ನೋಡಿ

ಸಮತಟ್ಟಾದ ಜಾಗದಲ್ಲಿ, ತಣ್ಣಗಿರುವಾಗ, ಮಟ್ಟ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ಹಳೇ ಟ್ಯಾಂಕಿನ ಪ್ಲಾಸ್ಟಿಕ್ ಹಳದಿಯಾಗಿ ಗೆರೆ ಕಾಣದಿದ್ದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ.

ಗಾಡಿಯಲ್ಲಿ ರೇಡಿಯೇಟರ್ ಮೇಲೆಯೇ ಲೋಹದ ಮುಚ್ಚಳ ಇದ್ದರೆ, ಬದಿಯ ಟ್ಯಾಂಕ್ ಬರೀ ಹೆಚ್ಚುವರಿಯನ್ನು ಹಿಡಿಯಲು. ಅಂಥ ಗಾಡಿಯಲ್ಲಿ ಟ್ಯಾಂಕ್ ತುಂಬಿದ್ದೂ ರೇಡಿಯೇಟರ್ ಖಾಲಿ ಇರಬಹುದು, ಹಾಗಾಗಿ ತಣ್ಣಗಿರುವಾಗ ಆ ಮುಚ್ಚಳವನ್ನೂ ತೆಗೆದು ನೋಡಲೇಬೇಕು. ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲದಿದ್ದರೆ ಟ್ಯಾಂಕಿನಲ್ಲೇ ಒತ್ತಡ ಇರುತ್ತದೆ, ಅಲ್ಲೇ ಎಲ್ಲ.

ಒಳಗಿನದ್ದನ್ನು ಸ್ವಲ್ಪ ಬಿಳಿ ಲೋಟಕ್ಕೆ ತೆಗೆದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿ, ಬಣ್ಣ ಸ್ಪಷ್ಟವಾಗಿದ್ದರೆ ಸರಿ. ಕಂದು ಆಗಿದ್ದರೆ ತುಕ್ಕು. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಮುಂದಿನ ಹಂತಗಳನ್ನು ಬಿಟ್ಟು ನೇರ ವರ್ಕ್‌ಶಾಪಿಗೆ ಹೋಗಿ.

ತಿಂಗಳು ತಿಂಗಳು ಮಟ್ಟ ಇಳಿಯುತ್ತಿದ್ದರೆ ತಿಂಗಳು ತಿಂಗಳು ತುಂಬಿಸುತ್ತಾ ಹೋಗುವುದಲ್ಲ. ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಎಲ್ಲಿಗೋ ಹೋಗುತ್ತಾ ಉಂಟು, ಹುಡುಕಬೇಕು.

ಹಂತ 2: ಹೋಸ್, ಕ್ಲಾಂಪ್, ಮುಚ್ಚಳ

ಹೋಸುಗಳನ್ನು ಒಂದೊಂದಾಗಿ ಹಿಚುಕಿ ನೋಡಿ. ಸ್ಪಂಜಿನಷ್ಟು ಮೆತ್ತಗಾಗಿದ್ದರೆ, ಗಟ್ಟಿಯಾಗಿ ಕರಕರ ಎಂದರೆ, ಕ್ಲಾಂಪಿನ ಹತ್ತಿರ ಉಬ್ಬಿದ್ದರೆ ಬದಲಾಯಿಸಿ. ಜೋಡಣೆಯ ಬುಡದಲ್ಲಿ ಬಿಳಿ ಅಥವಾ ಹಸಿರು ಪುಡಿ ಒಣಗಿ ಕೂತಿದ್ದರೆ ಅಲ್ಲಿ ನಿಧಾನವಾಗಿ ಸೋರುತ್ತಿದೆ ಎಂದರ್ಥ. ಬಿಸಿ ಇಂಜಿನ್ ಮೇಲೆ ಸೋರಿದ್ದು ಆರಿಹೋಗುವುದರಿಂದ ನೆಲದಲ್ಲಿ ಒಂದು ಹನಿಯೂ ಕಾಣದಿರಬಹುದು, ಅದಕ್ಕೇ ಪುಡಿ ಹುಡುಕಬೇಕು.

ಮಳೆಗಾಲದಲ್ಲಿ ಇಲಿ-ಹೆಗ್ಗಣ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುತ್ತವೆ. ಸಣ್ಣ ಹೋಸುಗಳ ಕೆಳಭಾಗಕ್ಕೆ ಬೆರಳಾಡಿಸಿ ಹಲ್ಲಿನ ಗುರುತು ನೋಡಿ, ಮೇಲಿಂದ ಕಾಣುವುದಿಲ್ಲ.

ಮುಚ್ಚಳವನ್ನು ಯಾರೂ ಗಮನಿಸುವುದಿಲ್ಲ. ಅದರ ರಬ್ಬರ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಬೇಗ ಕುದಿಯುತ್ತದೆ. ಹೊಸತು ಕೊಳ್ಳುವಾಗ ಮೇಲೆ ಬರೆದ ಒತ್ತಡದ ಅಂಕಿ, 0.9 ಅಥವಾ 1.1 ಎಂಬಂತೆ ಇರುತ್ತದೆ, ಹಳೇದರಷ್ಟೇ ಇರಲಿ. ಜಾಸ್ತಿ ಇದ್ದರೆ ಒಳ್ಳೆಯದು ಎಂದುಕೊಂಡು ಹಾಕಿದರೆ ಹಳೇ ಹೋಸು ಒಡೆಯುತ್ತದೆ.

ಹಂತ 3: ರೇಡಿಯೇಟರ್ ಮತ್ತು ಫ್ಯಾನ್

ಗ್ರಿಲ್ ಹಿಂದೆ ಮೊದಲು ಕಾಣುವುದು ಎಸಿಯ ಕಂಡೆನ್ಸರ್, ರೇಡಿಯೇಟರ್ ಅದರ ಹಿಂದೆ. ಎರಡರ ನಡುವೆ ಕೆಂಪು ಧೂಳು, ಹುಳ, ತರಗೆಲೆ ತುಂಬಿಕೊಂಡಿರುತ್ತದೆ. ಹೊರಗಿಂದ ಗಾಡಿ ಫಳಫಳ, ಒಳಗೆ ಗಾಳಿಗೆ ದಾರಿಯೇ ಇಲ್ಲ.

ಗಾರ್ಡನ್ ಪೈಪಿನ ಸಾಧಾರಣ ನೀರಿನಲ್ಲಿ, ಸಾಧ್ಯವಾದಷ್ಟು ಇಂಜಿನ್ ಕಡೆಯಿಂದ ಹೊರಗಡೆಗೆ ತೊಳೆಯಿರಿ. ಕಸ ಬಂದ ದಾರಿಯಲ್ಲೇ ಹೋಗಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳು ಫಿನ್ನುಗಳು ಮಡಚಿ ಮಲಗುತ್ತವೆ, ಆಮೇಲೆ ಗಾಳಿ ನುಗ್ಗುವುದಿಲ್ಲ. ಕಡಲ ಬದಿಯವರು ಫಿನ್ನುಗಳನ್ನು ಉಗುರಿನಿಂದ ಮೆಲ್ಲನೆ ಮುಟ್ಟಿ ನೋಡಿ. ಬಿಳಿ ಪುಡಿಯಾಗಿ ಉದುರಿದರೆ ಉಪ್ಪುಗಾಳಿ ತಿಂದಿದೆ, ಆ ರೇಡಿಯೇಟರನ್ನು ಎಷ್ಟು ತೊಳೆದರೂ ಪ್ರಯೋಜನ ಕಡಿಮೆ.

ಫ್ಯಾನ್ ಪರೀಕ್ಷೆ ಸುಲಭ. ಇಂಜಿನ್ ಚಾಲೂ ಮಾಡಿ ಎಸಿ ಹಾಕಿ, ಹೆಚ್ಚಿನ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ಫ್ಯಾನಿನ ಕನೆಕ್ಟರ್ ಬಿಚ್ಚಿ ನೋಡಿ. ನಮ್ಮ ಹವೆಗೆ ಅದರ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿಯುವುದು ಮಾಮೂಲು. ಓಡುತ್ತಿರುವ ಗಾಡಿಗೆ ಎದುರು ಗಾಳಿ ಸಾಕಾಗುತ್ತದೆ, ಹಾಗಾಗಿ ಹೈವೇಯಲ್ಲಿ ಸರಿಯಿದ್ದು ಉಡುಪಿಯ ಕಲ್ಸಂಕದಲ್ಲೋ ಮಂಗಳೂರಿನ ಪಂಪ್‌ವೆಲ್ಲಿನಲ್ಲೋ ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಏರಿದರೆ ಮೊದಲ ಸಂಶಯ ಫ್ಯಾನ್ ಮೇಲೆ. ಇಂಜಿನ್ ಆಫ್ ಆಗಿದ್ದರೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಾನಾಗಿ ತಿರುಗುತ್ತದೆ. ಬೆರಳು ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಹಂತ 4: ಹಳೇದನ್ನು ತೆಗೆಯುವುದು

ತಣ್ಣಗಿರುವ ಇಂಜಿನ್, ಕೆಳಗೆ ಬೇಸಿನ್. ರೇಡಿಯೇಟರಿನ ತಳದಲ್ಲಿ ಡ್ರೈನ್ ಪ್ಲಗ್ ಇದ್ದರೆ ನಿಧಾನ ತಿರುಗಿಸಿ. ಅದು ಪ್ಲಾಸ್ಟಿಕ್, ಕೊನೆಗೆ ಬಿಗಿ ಮಾಡುವಾಗಲೂ ಕೈಬಲ ಸಾಕು. ಪ್ಲಗ್ ಇಲ್ಲದಿದ್ದರೆ ಕೆಳಗಿನ ಹೋಸಿನ ಕ್ಲಾಂಪ್ ಹಿಂದೆ ಸರಿಸಿ ಹೋಸು ಎಳೆಯಬೇಕು. ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತುರುಕಬೇಡಿ, ತಿರುಚಿ ಬಿಡಿಸಿ, ಇಲ್ಲವಾದರೆ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಒಡೆಯುತ್ತದೆ.

ಹರಿಯಲು ಶುರುವಾದ ಮೇಲೆ ಮೇಲಿನ ಮುಚ್ಚಳ ತೆಗೆಯಿರಿ, ಧಾರೆ ಜೋರಾಗುತ್ತದೆ. ಎಲ್ಲ ಇಳಿದ ಮೇಲೆ ಲೀಟರ್ ಪಾತ್ರೆಯಲ್ಲಿ ಅಳೆದು ಬರೆದಿಡಿ.

ಹಂತ 5: ಫ್ಲಶ್ ಬೇಕೋ ಬೇಡವೋ

ಹಳೇ ಕೂಲಂಟ್ ತಿಳಿಯಾಗಿತ್ತು, ಯಾವ ಟೈಪ್ ಎಂದು ಗೊತ್ತಿದೆ, ಅದನ್ನೇ ಮತ್ತೆ ಹಾಕುತ್ತೀರಿ ಎಂದಾದರೆ ಫ್ಲಶ್ ಬೇಡ. ಇಳಿದಷ್ಟನ್ನು ರೆಡಿ ಮಿಕ್ಸ್ ಹಾಕಿ ತುಂಬಿಸಿ. ಜನ ಸುಮ್ನೆ ಫ್ಲಶ್ ಮಾಡಿ ಇಲ್ಲದ ತಾಪತ್ರಯ ತಂದುಕೊಳ್ಳುತ್ತಾರೆ.

ಕಂದಾಗಿದ್ದರೆ, ಬಾವಿ ನೀರು ಬಿದ್ದಿದ್ದರೆ ಅಥವಾ ಟೈಪ್ ಬದಲಾಯಿಸುವುದಾದರೆ ಫ್ಲಶ್ ಮಾಡಲೇಬೇಕು. ಪ್ಲಗ್ ಹಾಕಿ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಮುಚ್ಚಳ ಹಾಕಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಇಂಜಿನ್ ಚಾಲೂ ಇಡಿ. ಮೇಲಿನ ಹೋಸು ಬಿಸಿಯಾಗುವುದು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ವಾಲ್ವ್) ತೆರೆದದ್ದರ ಗುರುತು, ಹೆಚ್ಚಿನ ಗಾಡಿಗಳಲ್ಲಿ 82ರಿಂದ 90 ಡಿಗ್ರಿ ನಡುವೆ. ಅಲ್ಲಿವರೆಗೆ ನೀರು ರೇಡಿಯೇಟರಿಗೆ ಸುತ್ತುವುದೇ ಇಲ್ಲ, ಎರಡು ನಿಮಿಷ ಓಡಿಸಿ ಫ್ಲಶ್ ಆಯಿತು ಎನ್ನುವವರ ಇಂಜಿನ್ ಒಳಗಿನ ಕೊಳೆ ಅಲ್ಲೇ ಇರುತ್ತದೆ.

ಆಮೇಲೆ ಆಫ್ ಮಾಡಿ ಪೂರ್ತಿ ತಣಿಯಲು ಬಿಡಿ. ಇದಕ್ಕೆ ಗಂಟೆಗಟ್ಟಲೆ ಬೇಕು, ಆದ್ದರಿಂದ ರಜೆಯ ದಿನ ಬೆಳಿಗ್ಗೆ ಶುರು ಮಾಡಿ, ನಡುವೆ ಊಟ ಮಾಡಿ ಒಂದು ನಿದ್ದೆ ತೆಗೆಯಿರಿ. ಬಿಸಿ ಇಂಜಿನ್ನಿಗೆ ತಣ್ಣೀರು ಹೊಯ್ದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿರುಕು ಬಿಡಬಹುದು. ತಣಿದ ಮೇಲೆ ಇಳಿಸಿ, ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮಾಡಿ.

ಹಂತ 6: ಲೆಕ್ಕ ಹಾಕಿ ತುಂಬಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ. ರೇಡಿಯೇಟರ್ ಪ್ಲಗ್ ತೆಗೆದರೆ ಇಂಜಿನ್ ಬ್ಲಾಕ್ ಮತ್ತು ಹೀಟರ್ ಒಳಗಿನದ್ದು ಹೊರಗೆ ಬರುವುದಿಲ್ಲ. ನಿಮ್ಮ ಗಾಡಿಯ ಒಟ್ಟು ಹಿಡಿತ 5 ಲೀಟರ್, ಇಳಿದದ್ದು 3 ಲೀಟರ್ ಎಂದಿಟ್ಟುಕೊಳ್ಳಿ. ಫ್ಲಶ್ ಮಾಡಿದ್ದರೆ ಒಳಗೆ 2 ಲೀಟರ್ ಬರೀ ನೀರು ಉಳಿದಿದೆ. ಅದಕ್ಕೆ 3 ಲೀಟರ್ ಅರ್ಧ-ಅರ್ಧ ರೆಡಿ ಮಿಕ್ಸ್ ಹೊಯ್ದರೆ ಅದರಲ್ಲಿ ಕೂಲಂಟ್ ಒಂದೂವರೆ ಲೀಟರ್ ಮಾತ್ರ. ಐದರಲ್ಲಿ ಒಂದೂವರೆ, ಅಂದರೆ 30 ಶೇಕಡಾ. ದುಬಾರಿ ಕೂಲಂಟ್ ಹಾಕಿಯೂ ನೀರುನೀರು.

ಆದ್ದರಿಂದ ಫ್ಲಶ್ ಮಾಡಿದವರು ಕಾನ್ಸಂಟ್ರೇಟ್ ಕೊಳ್ಳಿ. ಒಟ್ಟು ಹಿಡಿತ ಎಷ್ಟು ಎಂದು ಮ್ಯಾನುಯಲ್ಲಿನಲ್ಲಿ ನೋಡಿ, ಅದರ ಅರ್ಧದಷ್ಟು ಕಾನ್ಸಂಟ್ರೇಟ್ ಮೊದಲು ಹೊಯ್ಯಿರಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಮೇಲಿನ ಗಾಡಿಗಾದರೆ ಎರಡೂವರೆ ಲೀಟರ್ ಕಾನ್ಸಂಟ್ರೇಟ್, ಅರ್ಧ ಲೀಟರ್ ನೀರು. ನಿಮ್ಮ ಗಾಡಿಯ ಟೈಪ್ ರೆಡಿ ಮಿಕ್ಸಿನಲ್ಲಿ ಮಾತ್ರ ಸಿಗುತ್ತದಾದರೆ ಒಮ್ಮೆ ತುಂಬಿಸಿ, ಓಡಿಸಿ, ತಣಿಸಿ, ಇಳಿಸಿ, ಮತ್ತೆ ರೆಡಿ ಮಿಕ್ಸ್ ತುಂಬಿಸಬೇಕು. ಆಗ ಅದೇ ಲೆಕ್ಕದಲ್ಲಿ 42 ಶೇಕಡಾಕ್ಕೆ ಬರುತ್ತದೆ, ನಮ್ಮೂರಿಗೆ ತೊಂದರೆಯಿಲ್ಲ.

ಪೂರ್ತಿ ಕಾನ್ಸಂಟ್ರೇಟನ್ನೇ ತುಂಬಿಸಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಶಾಖ ಹೊತ್ತೊಯ್ಯುವುದರಲ್ಲಿ ನೀರಿನಷ್ಟು ಸಮರ್ಥ ಗ್ಲೈಕಾಲ್ ಅಲ್ಲ, ಗಾಡಿ ಇನ್ನೂ ಬಿಸಿಯಾಗುತ್ತದೆ.

ಹೊಯ್ಯುವಾಗ ಅವಸರ ಬೇಡ. ಸಣ್ಣ ಧಾರೆ, ನಡುನಡುವೆ ಮೇಲಿನ ಹೋಸು ಹಿಚುಕಿ ಬಿಡಿ, ಗುಳುಗುಳು ಎಂದು ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಹೊಯ್ಯಿರಿ.

ಹಂತ 7: ಗಾಳಿ ತೆಗೆಯುವುದು

ಒಳಗೆ ಗಾಳಿ ಸಿಕ್ಕಿಕೊಂಡರೆ ಆ ಜಾಗಕ್ಕೆ ಕೂಲಂಟ್ ಮುಟ್ಟುವುದಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ನೀರು ಹರಿದ ಸದ್ದು, ಮುಳ್ಳು ಏರಿ ಇಳಿದು ಆಡುವುದು, ಇಂಜಿನ್ ಬಿಸಿಯಿದ್ದೂ ಹೀಟರಿನಲ್ಲಿ ತಣ್ಣನೆ ಗಾಳಿ, ಇವೆಲ್ಲ ಅದರದ್ದೇ ಲಕ್ಷಣ.

ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ. ನಮ್ಮಲ್ಲಿ ಮನೆಗೆ ಹತ್ತುವ ದಾರಿಯೇ ಏರು ಇರುವುದರಿಂದ ಇದೊಂದು ಅನುಕೂಲ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ.

ಎಸಿ ಆಫ್. ಹೀಟರ್ ಪೂರ್ತಿ ಕೆಂಪಿಗೆ, ಬ್ಲೋವರ್ ಒಂದರಲ್ಲಿ. ಆ ನಾಬನ್ನು ಕೆಂಪಿನ ಕಡೆ ತಿರುಗಿಸಿದವರೇ ನಮ್ಮೂರಲ್ಲಿ ಕಡಿಮೆ, ವರ್ಷಗಟ್ಟಲೆ ಅಲ್ಲಾಡದೆ ಬಿಗಿಯಾಗಿದ್ದರೆ ನಿಧಾನ ತಿರುಗಿಸಿ. ಬ್ಲೀಡ್ ಸ್ಕ್ರೂ (ಗಾಳಿ ಹೊರಗೆ ಬಿಡುವ ಸ್ಕ್ರೂ) ಇದ್ದರೆ ಇಂಜಿನ್ ತಣ್ಣಗಿರುವಾಗಲೇ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ ತುಂಬಿಸಿ ಮುಚ್ಚಿ.

ರೇಡಿಯೇಟರ್ ಮೇಲೆ ಮುಚ್ಚಳ ಇರುವ ಗಾಡಿಯಲ್ಲಿ ಮುಚ್ಚಳ ತೆಗೆದೇ ಚಾಲೂ ಮಾಡಿ, ಫನೆಲ್ ಇಟ್ಟು ಮಟ್ಟ ಇಳಿದಂತೆ ತುಂಬಿಸುತ್ತಾ ಹೋಗಿ, ಮುಖ ದೂರ ಇರಲಿ. ಮೇಲಿನ ಹೋಸು ಬಿಸಿಯಾಗಿ, ಗುಳ್ಳೆ ನಿಂತು, ಹೀಟರಿನಲ್ಲಿ ಬಿಸಿ ಗಾಳಿ ಬಂದ ಮೇಲೆ ಮುಚ್ಚಳ ಹಾಕಿ. ಟ್ಯಾಂಕಿನಲ್ಲೇ ಒತ್ತಡ ಇರುವ ಗಾಡಿಗಳಿಗೆ ಸಾಮಾನ್ಯವಾಗಿ ಮ್ಯಾಕ್ಸ್ ತನಕ ತುಂಬಿಸಿ ಮುಚ್ಚಳ ಹಾಕಿಯೇ ಓಡಿಸುವ ಕ್ರಮ, ಅದನ್ನು ಮ್ಯಾನುಯಲ್ ನೋಡಿಕೊಳ್ಳಿ. ಎರಡರಲ್ಲೂ ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವವರೆಗೆ ಕಾಯಿರಿ. ಅಷ್ಟು ಹೊತ್ತು ಕಣ್ಣು ಮುಳ್ಳಿನ ಮೇಲಿರಲಿ, ಅರ್ಧ ದಾಟಿ ಏರುತ್ತಾ ಹೋದರೆ ಆಫ್ ಮಾಡಿ.

ಹಂತ 8: ಮರುದಿನ

ರಾತ್ರಿ ತಣಿದ ಮೇಲೆ ಮಟ್ಟ ಸ್ವಲ್ಪ ಇಳಿದಿರುತ್ತದೆ, ಅದು ಸಹಜ, ಅದೇ ಮಿಶ್ರಣದಿಂದ ಸರಿ ಮಾಡಿ. ಗಾಡಿಯ ಕೆಳಗೆ ಒಂದು ಹಳೇ ಪೇಪರ್ ಹಾಸಿಟ್ಟಿದ್ದರೆ ಹನಿ ಬಿದ್ದ ಜಾಗ ಗೊತ್ತಾಗುತ್ತದೆ. ಮೊದಲ ವಾರ ಊರೊಳಗೇ ಓಡಿಸಿ, ದಿನಾ ಬೆಳಿಗ್ಗೆ ನೋಡಿ. ಮಟ್ಟ ನಿಂತ ಮೇಲೆ ಘಾಟಿ ಹತ್ತಿ.

ಮನೆಯಲ್ಲಿ ಸರಿಯಾಗದ ಲಕ್ಷಣಗಳು

ತಣ್ಣನೆ ಇಂಜಿನ್ ಚಾಲೂ ಮಾಡಿದ ಕೂಡಲೇ ಹೋಸು ಕಲ್ಲಿನಂತೆ ಗಟ್ಟಿಯಾಗುವುದು, ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಿಡದೆ ಬರುವುದು. ಇದು ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಹೋದ ಸಂಗತಿ. ಆಯಿಲ್ ಮುಚ್ಚಳದ ಅಡಿಯಲ್ಲಿ ಮಾತ್ರ ತೆಳು ಬಿಳಿ ನೊರೆ ಕಂಡರೆ ಗಾಬರಿ ಬೇಡ. ಮಳೆಗಾಲದಲ್ಲಿ ಎರಡು ಕಿ.ಮೀ. ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ತೇವಾಂಶದಿಂದಲೂ ಹಾಗಾಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ, ಅಲ್ಲೂ ಹಾಲು ಚಹಾದ ಬಣ್ಣ ಇದ್ದರೆ ಗಾಡಿ ಚಾಲೂ ಮಾಡದೆ ಟೋ ಮಾಡಿಸಿ.

ವಾಟರ್ ಪಂಪಿನ ಕೆಳಗೆ ಕೂಲಂಟ್ ಕಲೆ, ಕೂಗುವ ಸದ್ದು ಇದ್ದರೆ ಅದೂ ವರ್ಕ್‌ಶಾಪ್ ಕೆಲಸ. ಕೆಲವು ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುತ್ತದೆ, ಅಲ್ಲಿ ಕೈ ತಪ್ಪಿದರೆ ಇಂಜಿನ್ನೇ ಹೋಗುತ್ತದೆ.

"ನಮ್ಮ ಸೆಖೆಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡಿ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅಷ್ಟೇ ಅಲ್ಲ, ಕೆಲವು ಇಂಜಿನ್ನುಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅದು ಇಲ್ಲದಿದ್ದರೆ ಕೂಲಂಟ್ ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಿ ಇನ್ನೂ ಬಿಸಿಯಾಗುತ್ತದೆ. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೇ ಡ್ರೈವರ್ ಉಪಾಯ ನಡುದಾರಿಯಲ್ಲಿ ಮನೆ ಮುಟ್ಟಿಸಬಹುದು, ಆದರೆ ಅದೇ ಪುಡಿ ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಘಾಟಿಯಲ್ಲಿ ಮುಳ್ಳು ಏರಿದರೆ

ಶಿರಾಡಿ, ಚಾರ್ಮಾಡಿ, ಆಗುಂಬೆ ಯಾವುದೇ ಇರಲಿ, ಹತ್ತುವಾಗ ಇಂಜಿನ್ನಿಗೆ ಶ್ರಮ ಜಾಸ್ತಿ, ಎದುರು ಗಾಳಿ ಕಡಿಮೆ. ಮುಳ್ಳು ಅರ್ಧ ದಾಟಿದ ಕೂಡಲೇ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ಹಾಕಿ ಬ್ಲೋವರ್ ಜೋರಾಗಿ ಬಿಡಿ. ಒಳಗೆ ಬೆವರಿಳಿಯುತ್ತದೆ, ಆದರೆ ಅಷ್ಟು ಶಾಖ ಇಂಜಿನ್ನಿನಿಂದ ಹೊರಬಂತು. ಟಾಪ್ ಗೇರಿನಲ್ಲಿ ಗುದ್ದಾಡುವ ಬದಲು ಒಂದು ಗೇರ್ ಇಳಿಸಿ.

ಇಳಿಯದಿದ್ದರೆ ತಿರುವಲ್ಲದ ಕಡೆ ಅಗಲ ಜಾಗ ನೋಡಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ಹಬೆ ಕಂಡರೆ, ಕೆಂಪು ದೀಪ ಬಂದರೆ ಇಂಜಿನ್ ಆ ಕ್ಷಣವೇ ಆಫ್. ಏರಿದ್ದ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಸರಿಯಾಯಿತು ಎಂದು ಓಡಿಸಬೇಡಿ. ಕೂಲಂಟ್ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿರಬಹುದು.

ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಹೋಸು ಮೆತ್ತಗಾದ ಮೇಲೆ ಮುಚ್ಚಳವನ್ನು ಹಂತ ಹಂತವಾಗಿ ತೆರೆದು ಕೂಲಂಟ್ ಹಾಕಿ. ಅದಿಲ್ಲದಿದ್ದರೆ ಕುಡಿಯುವ ನೀರಾದರೂ ಸರಿ, ಊರು ಮುಟ್ಟಿದ ಮೇಲೆ ಹಂತ 4ರಿಂದ ಮತ್ತೆ ಮಾಡಿದರಾಯಿತು. ಚಾಲೂ ಮಾಡಿದ ಮೇಲೂ ಮುಳ್ಳು ಏರಿದರೆ ಅಲ್ಲಿಂದ ಟೋ. ವರ್ಕ್‌ಶಾಪಿನಲ್ಲಿ "ಕೂಲಂಟ್ ಹಾಕಿ ಕೊಡಿ" ಎನ್ನದೆ, ಕೂಲಿಂಗ್ ಸಿಸ್ಟಮಿಗೆ ಪ್ರೆಶರ್ ಟೆಸ್ಟ್ ಮಾಡಿ ಸೋರುವ ಜಾಗ ತೋರಿಸಿ ಎಂದು ಕೇಳಿ.